ಗಂಜಿ ಕುಡಿಸಿದ್ದು ಶುಕ್ರನಲ್ಲ

ಮದುವೆಯಾಗಿ ಅರಕೆರೆಗೆ ಬಂದ ಹೊಸದರಲ್ಲಿ ನನ್ನ ಗಂಡ ಡೈರಿಗೆ ಹಾಲು ಹಾಕಿ ಬಂದ ಮೇಲೆ ತಾವೇ ಕಾಫಿ ಕಾಯಿಸಿ ನನಗೊಂದು ಲೋಟ ತಂದುಕೊಡುತ್ತಿದ್ದರು. ಅದನ್ನು ಕಂಡಾಗಲೆಲ್ಲ ನನ್ನತ್ತೆ ನೆರೆಯವರಿಗೆ ಹೇಳುತ್ತಿದ್ದುದು ಒಂದೇ ಮಾತು: "ಇವಳ್ ಜಾತಕ್ದಲ್ಲಿ ಶುಕ್ರ ಚೆನ್ನಾಗವ್ನೆ." ಚಳಿಯಲ್ಲಿ ಎದ್ದು ಒಲೆ ಹಚ್ಚಿದವನು ತನ್ನ ಮಗ ಎನ್ನುವುದು ಅವರಿಗೆ ಹೊಳೆಯುತ್ತಲೇ ಇರಲಿಲ್ಲ. ನನಗೆ ಆಗಲೇ ರೇಗುತ್ತಿತ್ತು. ಹೊಸ ಸೊಸೆ, ಬಾಯಿ ಮುಚ್ಚಿಕೊಂಡಿದ್ದೆ.

ಮಾರನೆಯ ವರ್ಷ ಐದು ತಿಂಗಳ ಬಸಿರು ಇಳಿದುಹೋಯಿತು. ಶ್ರೀರಂಗಪಟ್ಟಣದ ಆಸ್ಪತ್ರೆಯಲ್ಲಿ ನನ್ನ ಗಂಡ ಮಂಚದ ಪಕ್ಕ ಬಿಟ್ಟು ಕದಲಲಿಲ್ಲ. ಗಂಜಿ ಆರಿಸಿ ಕುಡಿಸಿದರು. ನನ್ನ ಬಟ್ಟೆ ಒಗೆದರು. ಸೊಟ್ಟಸೊಟ್ಟಾಗಿ ಜಡೆಯನ್ನೂ ಹೆಣೆದರು.

ಮನೆಗೆ ಬರುವಷ್ಟರಲ್ಲಿ ಅತ್ತೆ ಪಾಂಡವಪುರದ ಜೋಯಿಸರನ್ನು ಕಂಡು ಬಂದಿದ್ದರು. ಇಂಥ ಜೋಡಿ ಸಿಗುವುದಿಲ್ಲ ಎಂದು ನಮ್ಮ ಮದುವೆಗೆ ಒಪ್ಪಿಗೆ ಕೊಟ್ಟವರೂ ಆ ಜೋಯಿಸರೇ. ಈಗ ಕುಜ ನನ್ನ ಜಾತಕದ ಏಳನೇ ಮನೆಗೆ ಬಂದಿದ್ದಾನಂತೆ, ಗಂಡನ ಪ್ರಾಣಕ್ಕೆ ಕುತ್ತಂತೆ. ಅವನು ಅಲ್ಲಿಂದ ಹೊರಡುವವರೆಗೆ ಇಬ್ಬರೂ ಬೇರೆ ಮಲಗಬೇಕು, ಗಂಡ ನನ್ನ ಕೈಯಡುಗೆ ಉಣ್ಣಬಾರದು.

ನನ್ನ ಎದೆಯಲ್ಲಿ ಹಾಲು ಕಟ್ಟಿ ನೋಯುತ್ತಿತ್ತು. ಕುಡಿಯಲು ಕೂಸಿರಲಿಲ್ಲ. ಅಂಥ ಹೊತ್ತಿನಲ್ಲಿ ನನ್ನ ಗಂಡ ಚಾಪೆ ಸುತ್ತಿಕೊಂಡು ಜಗುಲಿಗೆ ಹೋದರು. ಅತ್ತೆ ಬೇರೆ ಒಲೆಯಲ್ಲಿ ಮುದ್ದೆ ತೊಳಸಿ ಮಗನಿಗೆ ಬಡಿಸಿದರು. ನಾನು ರೋಗದವಳಂತೆ ಮೂಲೆಯಲ್ಲಿ ಕೂತು ಉಂಡೆ. ಕುಜನನ್ನು ನಾನು ಕಂಡವಳಲ್ಲ. ಅವನ ಹೆಸರಿನಲ್ಲಿ ನನ್ನನ್ನು ದೂರವಿಟ್ಟವರನ್ನು ದಿನವೂ ಕಾಣುತ್ತಿದ್ದೆ.

ಒಂದು ಮಧ್ಯಾಹ್ನ ತಡೆಯಲಾಗಲಿಲ್ಲ. ಗಂಡ ನಾಲೆ ಏರಿಯ ಮೇಲೆ ಹುಲ್ಲು ಕುಯ್ಯುತ್ತಿದ್ದಲ್ಲಿಗೇ ಹೋದೆ.

"ಆಸ್ಪತ್ರೇಲಿ ನಂಗೆ ಗಂಜಿ ಕುಡ್ಸಿದ್ದು ಯಾರು? ಶುಕ್ರ ಬಂದಿದ್ನಾ?"

ಅವರು ಕುಡುಗೋಲು ಕೆಳಗಿಟ್ಟರು. "ಅವ್ವ ಎದರ್ಕಂಡವ್ಳೆ ಕಣಮ್ಮಿ."

"ನೀವು?"

ನಾಲೆಯ ನೀರಿನತ್ತ ತಿರುಗಿ, "ನಂಗೂ ಬಯ ಆಯ್ತದೆ," ಅಂದರು.

"ನಂಗೂ ಬಯ. ಕೂಸು ಓದ್ಮೇಲೆ ಒಬ್ಳೇ ಮಲಗಕ್ಕೆ ಬಯ. ಅದುನ್ನ ಯಾವ್ ಜೋಯಿಸ್ರೂ ಕೇಳ್ನಿಲ್ಲ, ನೀವೂ ಕೇಳ್ನಿಲ್ಲ."

ಅವರು ಹುಲ್ಲಿನ ಹೊರೆ ಹೊತ್ತು ನನ್ನ ಜೊತೆಯಲ್ಲೇ ಮನೆಗೆ ಬಂದರು. ಕೈಕಾಲು ತೊಳೆದು, ಅಡುಗೆಮನೆಯಲ್ಲಿ ನನ್ನೆದುರು ತಟ್ಟೆ ಇಟ್ಟುಕೊಂಡು ಕೂತರು. ಅತ್ತೆ ಬಾಗಿಲಲ್ಲಿ ನಿಂತು, "ಏನಾರಾ ಎಚ್ಚುಕಮ್ಮಿ ಆದ್ರೆ ನನ್ ಕೇಳ್ಬ್ಯಾಡಿ," ಅಂದರು. "ಆಗ್ಲಿ ಬುಡವ್ವ," ಎಂದು ಗಂಡ ನನ್ನ ಕೈಯಡುಗೆಯನ್ನೇ ಉಣ್ಣತೊಡಗಿದರು. ಆ ರಾತ್ರಿ ಚಾಪೆಯೂ ಒಳಗೆ ಬಂತು.

ಅತ್ತೆ ಬಹಳ ದಿನ ನನ್ನೊಡನೆ ಮಾತು ಬಿಟ್ಟರು. ಆಮೇಲೊಮ್ಮೆ ಅವರೆಕಾಯಿ ಸುಲಿಯುತ್ತ, ನನ್ನ ಮುಖ ನೋಡದೆ ಹೇಳಿದರು: "ನನ್ ಮೊದ್ಲುನ್ ಕೂಸು ಸತ್ತಾಗ ನಿಮ್ಮಾವುನ್ನೂ ಇಂಗೇ ದೂರ ಇಟ್ಟಿದ್ರು. ಯಾಕೆ ಅಂತ ಕೇಳಕ್ಕೆ ನಂಗೆ ಬಾಯಿ ಬರ್ನಿಲ್ಲ."

ಅವರ ಮೇಲಿದ್ದ ನನ್ನ ಸಿಟ್ಟು ಅಲ್ಲಿಗೆ ಇಳಿಯಿತು. ಬಾಣಂತಿಯ ಮಂಚದ ಪಕ್ಕದಿಂದ ಗಂಡನನ್ನು ಎಬ್ಬಿಸಿ ಕಳಿಸುವ ಆ ಶಾಸ್ತ್ರದ ಮೇಲಿನ ಸಿಟ್ಟು ಮಾತ್ರ ಇಂದಿಗೂ ಹಾಗೇ ಇದೆ. ಈಗ ನಮಗೊಬ್ಬಳು ಮಗಳಿದ್ದಾಳೆ. ಜಾತಕ ಬರೆಸಲೆಂದು ಅವಳು ಹುಟ್ಟಿದ ಗಳಿಗೆ ಕೇಳಿದವರಿಗೆಲ್ಲ, "ನೆನಪಿಲ್ಲ" ಅನ್ನುತ್ತೇನೆ. ಚೆನ್ನಾಗಿ ನೆನಪಿದೆ.