ಕಳ್ಳ ಸ್ವಾಮಿಯ ಖರೇ ಪವಾಡ

ಹುಬ್ಬಳ್ಳಿಯಿಂದ ಹೊರಟ ಬಸ್ಸಿನ ಟಿವಿಯಲ್ಲಿ ಹಳೆಯ ಸಿನಿಮಾವೊಂದನ್ನು ಕಂಡೆ. ಕಳ್ಳ ಸ್ವಾಮಿಯೊಬ್ಬನನ್ನು ಗೇಲಿ ಮಾಡುವ, ನಾನು ಓದಿ ಮೆಚ್ಚಿದ್ದ ಕಾದಂಬರಿಯಿಂದ ತೆಗೆದದ್ದು. ಥರ್ಮಾಕೋಲ್ ಕೈಲಾಸ, ಅಂಟು ಬಿಟ್ಟ ಗಡ್ಡ ಎಲ್ಲವನ್ನೂ ನಗುತ್ತಲೇ ಸಹಿಸಿದೆ. ಆದರೆ ಕಾದಂಬರಿಯಲ್ಲಿ ಊರು ಬಿಟ್ಟು ಓಡುವ ಸ್ವಾಮಿ, ಇಲ್ಲಿ ಸತ್ತ ಮಗುವನ್ನು ಬದುಕಿಸಿಬಿಟ್ಟ!

"ಶಿವಶಿವಾ, ಅನ್ಯಾಯ!" ಎಂದು ಕೂಗಿದೆ.

ನನ್ನ ಹಣೆಯ ವಿಭೂತಿ ನೋಡಿ ಕಂಡಕ್ಟರ್ ಓಡಿಬಂದ. "ತಪ್ಪಾತ್ರಿ ಅಜ್ಜಾರ, ಸ್ವಾಮಿಗೋಳ ಚ್ಯಾಷ್ಟಿ ಮಾಡ್ಯಾರ. ಬಂದ್ ಮಾಡ್ತೇನ್ರಿ."

"ಚ್ಯಾಷ್ಟಿ ಮಾಡ್ಲಿ ತಮ್ಮಾ! ಆ ಕಳ್ಳಗ ಖರೇ ಪವಾಡ ಯಾಕ ಕೊಟ್ರು? ಮಂದಿ ನಂಬಿದ್ರ ಏನ್ ಗತಿ?"

"ಸಿನಿಮಾ ನೋಡಿ ಯಾರ್ ನಂಬ್ತಾರ್ರಿ?"

ಅಷ್ಟರಲ್ಲಿ ಮುಂದಿನ ಸೀಟಿನ ತಾಯಿಯೊಬ್ಬಳು ಚಪ್ಪಲಿ ಬಿಟ್ಟು ಎದ್ದು, ಜ್ವರದ ಕೂಸನ್ನು ಟಿವಿಯತ್ತ ಎತ್ತಿ ಹಿಡಿದಳು.

ಆ ಕೂಸಿಗಾಗಿ ಕಣ್ಣು ಮುಚ್ಚಿ ಶಿವನಿಗೆ ಕೈಮುಗಿದೆ. ನಾನೂ ಪವಾಡಕ್ಕೆ ಸೋತೆನೆಂದು ತಿಳಿದ ಕಂಡಕ್ಟರ್ ಟಿವಿಯ ಧ್ವನಿ ಜೋರು ಮಾಡಿದ.