ಹಂಪಣ್ಣ ಮಾಸ್ತರರ ಪುಟಕ್ಕೆ ಲಸ್ಕರ್

ಹಂಪಣ್ಣ ಮಾಸ್ತರರು ತೀರಿಹೋದ ಮೇಲೆ ಎಲ್ಲರೂ ಅವರನ್ನು ಒಳ್ಳೆಯವರು ಎನ್ನುತ್ತಾರೆ. ಒಳ್ಳೆಯವರೇ. ಮೊಂಡರೂ ಹೌದು. ಅದನ್ನು ಯಾರೂ ಹೇಳುವುದಿಲ್ಲ.

ತೊಂಬತ್ತೊಂಬತ್ತರಲ್ಲಿ ಅವರು ಜವಳಗೇರಾ ಆಚೆಯ ಒಂದು ಊರಿನಲ್ಲಿ ಮಾಸ್ತರರಾಗಿದ್ದರು. ಲಿಂಗಸುಗೂರಿನ ತರಬೇತಿಗೆ ಹೋಗಿ ಇಂಟರ್ನೆಟ್ ನೋಡಿ ಬಂದರು. ಅಲ್ಲಿ ಒಂದು ಪುಟ ಇರುತ್ತದಂತೆ. ಎರಡು ಶಾಲೆಯ ಮಕ್ಕಳು ಕೂಡಿ ಅದರಲ್ಲಿ ಪಾಠ ಬರೆಯಬಹುದು. ಒಬ್ಬರದನ್ನು ಒಬ್ಬರು ತಿದ್ದಬಹುದು. ತರಬೇತಿಯ ಸಾಹೇಬರು ಒಂದು ಮಾತು ಕೊಟ್ಟಿದ್ದರು: ತಿಂಗಳೊಳಗೆ ಪಾಠ ಮುಗಿದರೆ ಎರಡೂ ಶಾಲೆಗೆ ಸೇರಿ ಒಂದು ಕಂಪ್ಯೂಟರ್. ಹಂಪಣ್ಣನವರ ನಿದ್ದೆ ಹಾರಿತು.

ಜೊತೆಗೆ ಸಿಕ್ಕವರು ತುರ್ವಿಹಾಳದ ಕಡೆಯ ಪಂಪಣ್ಣ ಮಾಸ್ತರರು. ಅವರ ಊರು ಕಾಲುವೆಯ ಮೇಲ್ಭಾಗದಲ್ಲಿ, ನೀರು ಮೊದಲು ಮುಟ್ಟುವಲ್ಲಿ; ಇವರದು ಕೆಳಗೆ. ಸಿಂಧನೂರಿನಲ್ಲಿ ಅಮೀನ್‌ಸಾಬನ ಟೈಪಿಂಗ್ ಕ್ಲಾಸಿನಲ್ಲಿ ಇಂಟರ್ನೆಟ್ ಇದ್ದ ಒಂದೇ ಕಂಪ್ಯೂಟರ್. ಸೋಮವಾರ ಅವರು ಮಕ್ಕಳನ್ನು ಕರಕೊಂಡು ಬಸ್ಸಿಗೆ ಬರುವುದು, ಗುರುವಾರ ಇವರು.

"ಮಾಸ್ತರ್ರ, ಇಬ್ರೂ ನನ್ನ ಕುರ್ಚಿ ಮ್ಯಾಲೇ ಕುಂತು ಬರೀತೀರಿ. ಒಂದು ನೋಟ್‌ಬುಕ್ ಇಟ್ಟು ಹೋದ್ರ ಆಗಂಗಿಲ್ಲೇನ್ರೀ?" ಎಂದ ಅಮೀನ್‌ಸಾಬ.

"ನೋಟ್‌ಬುಕ್ಕು ಲಿಂಗಸುಗೂರಾಗ ಕುಂತ ಸಾಹೇಬ್ರಿಗೆ ಕಾಣತೈತೇನಪಾ?" ಎಂದರು ಹಂಪಣ್ಣ.

ಪಾಠದ ಹೆಸರು 'ನಮ್ಮ ಕಾಲುವೆ'. ಮೇಲಿನೂರಿನ ಮಕ್ಕಳು ಬರೆದರು: ನೀರು ಎಲ್ಲರಿಗೂ ಸಮನಾಗಿ ಬರುತ್ತದೆ. ಕೆಳಗಿನ ಮಕ್ಕಳು ಅದನ್ನು ಅಳಿಸಿದರು: ನಮಗೆ ಬರುವುದು ಮೇಲಿನವರ ಎಮ್ಮೆ ಮೈ ತೊಳೆದ ನೀರು. ಸೋಮವಾರ ಅದೂ ಹೋಯಿತು: ಕೆಳಗಿನವರು ಸೋಮಾರಿಗಳು, ಹೂಳು ತೆಗೆಯುವುದಿಲ್ಲ. ಗುರುವಾರ ಅದನ್ನೂ ಅಳಿಸಿದರು. ಮೂರು ವಾರ ಹೋದವು. ಪಾಠ ಒಂದು ಸಾಲು ದಾಟಲಿಲ್ಲ.

"ಹೊಲದಾಗಿನ ಜಗಳ ಸಾಲದಂತ ಅಲ್ಲೂ ಒಯ್ದ್ರೇನ್ರೀ?" ಎಂದಳು ಹೆಂಡತಿ ಶೇಖರಮ್ಮ.

ಹಂಪಣ್ಣ ಚಪ್ಪಲಿ ಮೆಟ್ಟಿದರು. ಹೋಗಿ ವೆಂಕೋಬನನ್ನು ಕರೆತಂದರು. ವೆಂಕೋಬ ಮೂವತ್ತು ವರ್ಷ ಕಾಲುವೆಯ ಗೇಟು ಕಾಯ್ದ ಲಸ್ಕರ್. ಓದು ಬಾರದು. ನೀರು ಬಿಡುವ ಪಾಳಿ ಗೊತ್ತು.

ಸಾಹೇಬರು ಪುಟ ನೋಡುವ ಹಿಂದಿನ ದಿನ ಎರಡೂ ಶಾಲೆಯವರು ಸಿಂಧನೂರಿಗೆ ಬಂದರು. ವೆಂಕೋಬ ಕೋಲು ಹಿಡಿದು ಕಂಪ್ಯೂಟರಿನ ಪಕ್ಕ ಕುಂತ.

"ಬಿಟ್ಟ ನೀರು ಹಿಂದಕ್ಕ ಬರತೈತೇನು? ಹಂಗ ಬರೆದಿದ್ದು ಅಳಸಂಗಿಲ್ಲ. ಅರ್ಧಾ ತಾಸು ಒಬ್ರು, ಅರ್ಧಾ ತಾಸು ಒಬ್ರು. ಕೆಳಗಿನವ್ರು ಮೊದಲು."

"ನಾವೇನ್ ಪಾಪ ಮಾಡೀವೋ ಯಜಮಾನ?" ಎಂದರು ಪಂಪಣ್ಣ.

"ದಿನಾ ಮೊದಲು ಕುಡಿಯೋರು ನೀವಽ. ಇವತ್ತೊಂದಿನ ತಡೀರಿ."

ಸಂಜೆಯೊಳಗೆ ಪುಟ ತುಂಬಿತು. ಎಮ್ಮೆಯೂ ಇತ್ತು, ಸೋಮಾರಿಗಳೂ ಇದ್ದರು. ಗೇಟಿನ ಲೆಕ್ಕ, ಭತ್ತದ ಲೆಕ್ಕ, ಯಾರ ಅಪ್ಪ ಯಾರ ತೂಬು ಒಡೆದ ಎಂಬುದೂ ಇತ್ತು. ಹಂಪಣ್ಣ ಪುಟವನ್ನು ಮೇಲಿಂದ ಕೆಳಗೆ ಓದಿದರು. ಇದನ್ನು ಓದಿದರೆ ಸಾಹೇಬರು ಕಂಪ್ಯೂಟರ್ ಕೊಡುತ್ತಾರೆಯೇ? ಮೆಲ್ಲಗೆ ಎಮ್ಮೆಯ ಸಾಲಿನತ್ತ ಕೈ ಚಾಚಿದರು. ಕೋಲು ಬಿತ್ತು ಬೆರಳ ಮೇಲೆ.

"ಗೇಟಿಗೆ ಕೈ ಹಚ್ಚಬ್ಯಾಡ್ರಿ, ಮಾಸ್ತರ್ರ!"

ಮರುದಿನ ಲಿಂಗಸುಗೂರಿನಲ್ಲಿ ಐವತ್ತು ಮಾಸ್ತರರ ಮುಂದೆ ಸಾಹೇಬರು ಅದನ್ನು ಗಟ್ಟಿಯಾಗಿ ಓದಿದರು. ಹಂಪಣ್ಣ ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಊದಿದ ಬೆರಳು ನೋಡುತ್ತ ಕುಂತರು. ಎಮ್ಮೆಯ ಸಾಲಿನ ಹತ್ತಿರ ಸಾಹೇಬರು ಓದು ನಿಲ್ಲಿಸಿದರು. ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ನಗು ತಡೆಯಲಾಗಿರಲಿಲ್ಲ.

"ಪುಸ್ತಕ ನೋಡಿ ಬರೆದಿದ್ದಲ್ಲ ಇದು. ಮಕ್ಕಳೇ ಬರೆದಾರ," ಎಂದರು.

ಹಂಪಣ್ಣ ಮನೆಗೆ ಬಂದರು.

"ಸಿಕ್ತೇನ್ರೀ?" ಎಂದಳು ಶೇಖರಮ್ಮ.

"ಸಿಕ್ತು. ಹದಿನೈದು ದಿನ ಅವ್ರಿಗೆ, ಹದಿನೈದು ದಿನ ನಮಗ."

"ಮೊದಲು ಯಾರಿಗೆ?"

ಹಂಪಣ್ಣ ತಂಬಿಗೆ ಎತ್ತಿ ನೀರು ಕುಡಿದರು. "ಮ್ಯಾಲಿನವ್ರಿಗೆ."

ಶೇಖರಮ್ಮ ಅಂದು ನಕ್ಕಷ್ಟು ಎಂದೂ ನಕ್ಕಿರಲಿಲ್ಲ.

ಹದಿನಾರನೆಯ ದಿನ ಕಂಪ್ಯೂಟರ್ ಟ್ರ್ಯಾಕ್ಟರಿನಲ್ಲಿ ಬಂತು. ಕೀಲಿಗಳ ಸಂದಿನಲ್ಲಿ ಮೇಲಿನೂರಿನ ಶೇಂಗಾ ಚಟ್ನಿ ಇತ್ತು. ಹಂಪಣ್ಣ ಪಂಚೆಯ ತುದಿಯಿಂದ ಒರೆಸಿ, ಹುಡುಗರನ್ನು ಪಾಳಿ ಹಚ್ಚಿ ಕೂಡಿಸಿದರು.