ನಮ್ಮವರೇನ್ರಿ?

ನಮ್ಮ ಓಣಿಯಲ್ಲಿ ಸಕ್ಕರೆ ಕಾರ್ಖಾನೆಯ ಫೀಲ್ಡ್‌ಮನ್ ಒಬ್ಬನಿದ್ದ. ಯಾರ ಹೊಲಕ್ಕೆ ಕಬ್ಬು ಕಡಿಯುವ ಗ್ಯಾಂಗು ಮೊದಲು ಹೋಗಬೇಕೆಂದು ಹೇಳುವವನು ಅವನೇ. ಮೂಡಲಗಿಯ ಚಹಾದಂಗಡಿಯ ಮುಂದೆ ಬೈಕಿನಿಂದ ಇಳಿಯದೆ, ಒಂದು ಕಾಲು ನೆಲಕ್ಕೂರಿ, ಬಂದ ರೈತನನ್ನು ಕೇಳುತ್ತಿದ್ದ: "ನಮ್ಮವರೇನ್ರಿ?" ಇಲೆಕ್ಷನ್ನಿನಲ್ಲಿ ಕಾರ್ಖಾನೆಯ ಧಣಿಯ ಪರವಾಗಿ ಓಡಾಡಿದ್ದೀರಾ ಎಂದು ಅದರ ಅರ್ಥ.

ಆ ಮಾತು ಹುಟ್ಟಿದ್ದು ಇಲೆಕ್ಷನ್ನಿನಲ್ಲಲ್ಲ, ಮದುವೆಯ ಪಂಕ್ತಿಯಲ್ಲಿ. ಬಂದ ಮಂದಿಯೆಲ್ಲ ಉಂಡೆದ್ದ ಮೇಲೆ ಉಳಿದದ್ದನ್ನು ಉಣ್ಣುವವರಿಗೆ ನಮ್ಮ ಕಡೆ ನಮ್ಮವರು ಅನ್ನುತ್ತಾರೆ. ಇವನು ಆ ಹೆಸರನ್ನು ಎಲ್ಲರಿಗಿಂತ ಮೊದಲು ಉಣ್ಣುವವರಿಗೆ ಕೊಟ್ಟುಬಿಟ್ಟ.

ಆ ವರ್ಷ ಮಮದಾಪುರದ ನಮ್ಮ ಹೊಲದಲ್ಲಿ ಕಬ್ಬು ಹೂ ಬಿಟ್ಟು ಒಣಗುತ್ತಿತ್ತು. ಅಪ್ಪ ಹೋಗಿ ಕೇಳಿದಾಗ ಅವನು ಬೈಕಿನ ಕನ್ನಡಿಯಲ್ಲಿ ಮೀಸೆ ತಿದ್ದಿಕೊಳ್ಳುತ್ತಿದ್ದ.

"ಕಾಕಾ, ನೀವು ನಮ್ಮವರಲ್ಲ. ಮೊದಲ ನಮ್ಮವರದ್ದು ಮುಗೀಲಿ."

ಅದೇ ಬೇಸಿಗೆಯಲ್ಲಿ ಅವನ ಮಗಳ ಮದುವೆಯಾಯಿತು. ಓಣಿಯವರೆಲ್ಲ ಸಂಕೇಶ್ವರಕ್ಕೆ ಹೋದೆವು. ಅಪ್ಪ ಮೊದಲ ಪಂಕ್ತಿಯಲ್ಲೇ ಕೂತ. ಅಷ್ಟರಲ್ಲಿ ಧಣಿಯ ಮಂದಿ ಜೀಪುಗಳಿಂದ ಇಳಿದರು. ಫೀಲ್ಡ್‌ಮನ್ ಓಡಿ ಬಂದು ಅಪ್ಪನ ಹೆಗಲ ಮೇಲೆ ಕೈಯಿಟ್ಟು ನಕ್ಕ.

"ಏಳ್ರಿ ಕಾಕಾ. ನೀವು ನಮ್ಮವರು, ಕಡೀಕ ಕೂಡೇ ಉಣ್ಣೂಣು."

ಅಪ್ಪ ಏಳಲಿಲ್ಲ. ಎಲೆಯನ್ನು ಹತ್ತಿರಕ್ಕೆ ಎಳೆದುಕೊಂಡ.

"ನಾವು ನಿಮ್ಮವರಲ್ಲಂತ ನೀನೇ ಹೇಳಿದ್ದಿ, ತಮ್ಮಾ. ನೀಡಾಕ ಹೇಳು."

ಬಡಿಸಿದರು. ಅಪ್ಪ ಹೊಟ್ಟೆತುಂಬ ಉಂಡ.

ಮುಂದಿನ ಹಂಗಾಮಿನಲ್ಲಿ ಊರ ಕಬ್ಬೆಲ್ಲ ಮುಗಿದ ಮೇಲೆ, ಎಲ್ಲರಿಗಿಂತ ಕಡೆಗೆ, ನಮ್ಮ ಹೊಲಕ್ಕೆ ಗ್ಯಾಂಗು ಬಂತು.